ಅಕ್ಕನ ಮದುವೆಯ ಖೋವಾ

ಮಲ್ಲಿಗೆ ಮಾಲೆ ಕೊಟ್ಟರೆ ಅವರು ಮುಡಿಯುತ್ತಿರಲಿಲ್ಲ. ಕಣ್ಣಿಗೊತ್ತಿಕೊಂಡು ಊಟದ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿದುಬಿಡುತ್ತಿದ್ದರು. ಶಹಾಪುರದಲ್ಲಿ ನಮ್ಮ ಎದುರುಮನೆಯ ಮೇಡಂ, ಆಹಾರ ಸುರಕ್ಷತಾ ಅಧಿಕಾರಿ. ಹಾಲು, ಪನೀರು ಕೆಟ್ಟಿದ್ದನ್ನು ಮೊದಲು ಮೂಗಿನಿಂದಲೇ ಹಿಡಿಯುತ್ತಿದ್ದರು. ತಲೆಯಲ್ಲಿನ ಹೂವು ಅದಕ್ಕೆ ಅಡ್ಡ. ಇದು ಗೊತ್ತಿಲ್ಲದ ಹೆಂಗಸರು ಏನೇನೋ ಅಂದುಕೊಳ್ಳುತ್ತಿದ್ದರು. ಮೇಡಂ ಯಾರನ್ನೂ ತಿದ್ದಲಿಲ್ಲ.

ಅಕ್ಕನ ಮದುವೆಯ ಹಿಂದಿನ ಸಂಜೆ ಅರಿಶಿಣಕ್ಕೆಂದು ಮಂಟಪಕ್ಕೆ ಬಂದ ಮೇಡಂ ಅವ್ವನನ್ನು ಮಾತಾಡಿಸಲು ಅಡುಗೆಮನೆ ಹೊಕ್ಕರು. ಅಲ್ಲೇ ನಿಂತರು. ಜಾಮೂನಿಗೆಂದು ಅಡುಗೆ ಗುತ್ತಿಗೆದಾರ ತಂದಿದ್ದ ಖೋವಾದ ಮೇಲಿನ ಬಟ್ಟೆ ಸರಿಸಿ, ಚೂರು ಮುರಿದು, ಅಂಗೈಯಲ್ಲಿ ತಿಕ್ಕಿ ಮೂಸಿದರು. ಹುಳಿ ವಾಸನೆ; ಒಳಗೆ ಹಸಿರು ಬೂಷ್ಟು.

"ಎಣ್ಣ್ಯಾಗ ಕರದ್ರ ಎಲ್ಲಾ ಸರಿ ಆಗ್ತದ್ರಿ. ಯಾಲಕ್ಕಿ ಜಾಸ್ತಿ ಹಾಕ್ತೀನಿ," ಎಂದ ಗುತ್ತಿಗೆದಾರ.

"ಯಾಲಕ್ಕಿ ಮೂಗಿಗೆ ಸುಳ್ಳ ಹೇಳ್ತದಪಾ, ಹೊಟ್ಟಿಗೆ ಹೇಳಂಗಿಲ್ಲ."

ಬೀಗರಿಗೆ ಜಾಮೂನಿನ ಊಟವೆಂದು ಮಾತು ಕೊಟ್ಟಾಗಿತ್ತು. ಅವ್ವ ಅವರ ಕೈ ಹಿಡಿದಳು. "ನಾಳಿ ಪಂಗ್ತಿಯಾಗ ಮಾನ ಹೋಗ್ತದ್ರಿ ಮೇಡಂ. ನನ್ನ ಮಗಳು ಇದನ್ನ ಜಲ್ಮಪೂರ್ತಿ ಕೇಳಬೇಕಾಗ್ತದ."

ಹಿಂದಿನಿಂದ ಸೋದರಮಾವ ಗೊಣಗಿದ: "ಹೂವು ಒಲ್ಲೆ ಅನ್ನಾಕಿಗೆ ಶುಭಕಾರ್ಯ ಏನ್ ತಿಳೀತದ?"

ಅವರಿಗೆ ಕೇಳಿಸಿತು. ಉತ್ತರ ಕೊಟ್ಟದ್ದು ಅವ್ವನಿಗೆ ಮಾತ್ರ: "ಉಂಡ ಕೂಸುಗೋಳು ದವಾಖಾನಿ ಸೇರಿದ್ರ ಅದನ್ನೂ ಆಕಿನೇ ಕೇಳಬೇಕಲ್ರಿ ಅಕ್ಕಾ."

ಸಿಬ್ಬಂದಿಯನ್ನು ಕರೆಸಿ, ಪರೀಕ್ಷೆಗೆ ಮಾದರಿ ತೆಗೆದು ಸೀಲು ಹಾಕಿಸಿ, ಉಳಿದ ಖೋವಾವನ್ನೆಲ್ಲ ಜಪ್ತಿ ಮಾಡಿದರು. ಮಂಟಪದ ಹಿಂದೆ ಗುಂಡಿ ತೋಡಿಸಿ, ಫಿನಾಯಿಲ್ ಸುರಿಸಿ, ಮಣ್ಣು ಮುಚ್ಚುವವರೆಗೂ ಅಲ್ಲೇ ನಿಂತಿದ್ದರು. ಊಟಕ್ಕೇಳಿ ಎಂದು ನಮ್ಮವರು ಯಾರೂ ಅನ್ನಲಿಲ್ಲ.

ಈಗ ಅವರಿಗೆ ವರ್ಗವಾಗಿದೆ. ಹಾಲು ಕಾಸುವ ಮುನ್ನ ಮೂಸುವ ಅಭ್ಯಾಸ ನನಗೆ ಬಂದದ್ದು ಅವರಿಂದ. ಆದರೆ ನಾನು ಋಣಿಯಾಗಿರುವುದು ಮದುವೆ ದಿನದ ಬೆಳಿಗ್ಗೆಗೆ.

ಯಾರೂ ಕರೆಯದೆ ಬಂದರು. ಸೆರಗು ಸಿಕ್ಕಿಸಿ, ಅಡುಗೆಯವರ ಜೊತೆ ಕೂತು, ಜಾಮೂನಿನ ಬದಲಿಗೆ ಮಾಡುತ್ತಿದ್ದ ಗೋಧಿ ರವೆಯ ಸಿಹಿ ಸಜ್ಜಕಕ್ಕೆ ಬೆಲ್ಲ ಕುಟ್ಟಿದರು. ಬೀಗರ ಪಂಕ್ತಿ ಕೂತಾಗ ಬಡಿಸುವ ಬಕೀಟು ತಾವೇ ಹಿಡಿದು, ಅವರ ಹಿರಿಯನ ಎಲೆಯ ಮುಂದೆ ಬಾಗಿದರು.

"ಖೋವಾ ಕೆಟ್ಟಿತ್ತು, ನಾನೇ ಜಪ್ತಿ ಮಾಡೀನ್ರಿ ಯಜಮಾನ್ರ. ಮನಿಯವರ ತಪ್ಪಿಲ್ಲ. ಬೈಯೋದಿದ್ರ ನನಗ ಬೈರಿ, ಮೊದಲ ಸಜ್ಜಕ ಉಣ್ರಿ."

ಹಿರಿಯ ಅವರನ್ನೇ ನೋಡಿದ. ಅವ್ವ ಕಂಬದ ಮರೆಯಿಂದ ಇಣುಕಿದಳು.

"ಉಣ್ತೀನ್ರಿ. ತುಪ್ಪಾರ ಹಾಕ್ತೀರೋ, ಅದೂ ಜಪ್ತೀನೋ?"

ಪಂಕ್ತಿಯೆಲ್ಲ ನಕ್ಕಿತು. ಮೇಡಂ ಎಲೆಯಿಂದ ಹರಿದುಹೋಗುವಷ್ಟು ತುಪ್ಪ ಸುರಿದರು.