ಹಾಜರಿ ಕೆಳಗೆ, ಕೆಲಸ ಮೇಲೆ

ಧಾರವಾಡದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಬ್ಬರು ಗಂಡಸರು ನನ್ನನ್ನು ಕುರ್ಚಿ ಸಮೇತ ಎತ್ತಿದರು. ಕೇಳಲಿಲ್ಲ, ಹೇಳಲಿಲ್ಲ. ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಎದುರಿನ ಮೆಟ್ಟಿಲುಗಳನ್ನು ನೋಡುತ್ತಾ ದಣಿವಾರಿಸಿಕೊಳ್ಳುತ್ತಿದ್ದೆ, ಅಷ್ಟೆ. "ಹಿಡೀರಿ, ಆ ಕಡಿ ಹಿಡೀರಿ" ಅಂತ ಯಾರೋ ಕೂಗಿದರು. ನೋಡುತ್ತಿದ್ದಂತೆ ನೆಲ ದೂರವಾಯಿತು. ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಳ್ಳಲೂ ಪುರುಸೊತ್ತಿಲ್ಲ. ಮೇಲೆ ತಂದು ಇಳಿಸಿದ ಮೇಲೆ ಅವರಲ್ಲೊಬ್ಬರು ಬೆವರು ಒರೆಸಿಕೊಳ್ಳುತ್ತಾ, "ನಾವ್ ಇರೂತನಕಾ ನಿಮಗೇನ್ ಚಿಂತಿರಿ ಬಾಯಾರ?" ಅಂದರು. ಬಾಯಾರ ಅಂದರೆ ಇಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಕೊಳ್ಳೇಗಾಲದ ನಮ್ಮವರಿಗೆ ನನ್ನ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂತು. ಎಡಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು, ಎರಡು ಊರುಗೋಲು ಹಿಡಿದು ಬಿ.ಕಾಂ. ಮುಗಿಸಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಅಂಗವಿಕಲರ ಮೀಸಲಾತಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ರಾಜ್ಯದ ಈ ತುದಿಯಲ್ಲಿ. ಎರಡು ವರ್ಷ ಪ್ರೊಬೇಷನ್. ಅದು ಮುಗಿಯುವಾಗ ಸಾಹೇಬರು "ಕೆಲಸ ತೃಪ್ತಿಕರ" ಎಂದು ಬರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ನನಗೆ ಬೇಕಿದ್ದುದು ಕೆಲಸ. ಕೈ ತುಂಬ ಕೆಲಸ.

ನಮ್ಮೂರಿನ ತಾಲ್ಲೂಕು ಕಚೇರಿಯಲ್ಲಿ ನನ್ನನ್ನು ಕಂಡರೆ ಜನ "ಪಾಪ" ಅಂದು ಬೇರೆ ಕಡೆ ನೋಡುತ್ತಿದ್ದರು. ಇಲ್ಲಿ ಹಾಗಲ್ಲ, ಹತ್ತು ಕೈ ಮುಂದೆ ಬರುತ್ತವೆ. ಬಸ್ಸಿನಲ್ಲಿ ಮೊದಲು ನನ್ನ ಊರುಗೋಲು ಹತ್ತುತ್ತದೆ, ಆಮೇಲೆ ಚೀಲ, ಕಡೆಗೆ ನಾನು. "ಎತ್ತರಿ, ಲಗೂ ಎತ್ತರಿ" ಅನ್ನುತ್ತಾನೆ ಕಂಡಕ್ಟರು. ಆ ಫುಟ್‌ಬೋರ್ಡು ಯಾಕೆ ಸೊಂಟದೆತ್ತರಕ್ಕೆ ಇದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಕಂಕುಳಿಗೆ ಕೈ ಹಾಕುವ ಮುಂಚೆ ನನ್ನನ್ನೊಂದು ಮಾತು ಕೇಳಬೇಕೆಂದೂ ಯಾರಿಗೂ ಹೊಳೆಯುವುದಿಲ್ಲ.

ಕೇಳಿದವರು ಒಬ್ಬರೇ, ಉಣಕಲ್ಲಿನಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟ ನೀಲವ್ವ. ಮನೆಯ ಮುಂದೆ ಮೂರು ಪಾವಟಿಗಿ, ಅಂದರೆ ಮೆಟ್ಟಿಲು. ನಾನು ಹತ್ತುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, "ನಿಮ್ಮ ಕಾಲು ಎಷ್ಟ ಎತ್ತರ ಏರತೈತ್ರಿ? ಖರೇ ಹೇಳ್ರಿ, ನಾಚಿಗೋಬ್ಯಾಡ್ರಿ" ಅಂದರು. ಅರ್ಧ ಗೇಣು ಎಂದೆ. ಮೂರನೆಯ ದಿನ ಪಾವಟಿಗಿಗಳ ಪಕ್ಕದಲ್ಲಿ ಕಲ್ಲುಮಣ್ಣು ತುಂಬಿ, ಮೇಲೆ ಫರಸಿ ಕಲ್ಲು ಹಾಸಿ ಉದ್ದನೆಯ ಇಳಿಜಾರು ಮಾಡಿಸಿದ್ದರು. ಜಾರದಿರಲೆಂದು ಫರಸಿಗೆ ಚಾಣದಿಂದ ಗೀರು ಬೇರೆ. ಅವರು ಮಾಡಿದ್ದು ಇಷ್ಟೇ. ಆ ಸಂಜೆ ಯಾರ ಹಂಗೂ ಇಲ್ಲದೆ ಒಳಗೆ ಹೋದೆ, ಹೊರಗೆ ಬಂದೆ, ಸುಮ್ಮನೆ ಮತ್ತೊಮ್ಮೆ ಹೋದೆ. ನೀಲವ್ವ ಬಿಸಿ ರೊಟ್ಟಿ ಕೊಟ್ಟರು. ನಾನು ನಮ್ಮ ರಾಗಿ ಮುದ್ದೆಯ ಬಗ್ಗೆ, ಅಗಿಯದೆ ನುಂಗುವುದರ ಬಗ್ಗೆ ಹೇಳಿದೆ. "ಅಗಿಯೂದ ಇಲ್ಲಂದ್ರ ಉಂಡಂಗ ಹೆಂಗ ಆಗತೈತ್ರಿ ಯವ್ವಾ!" ಎಂದು ಬಿದ್ದು ಬಿದ್ದು ನಕ್ಕರು.

ಕಚೇರಿಯಲ್ಲಿ ಹದಿನೈದು ದಿನ ನನ್ನನ್ನು ಎತ್ತಿದರು. ಹದಿನಾರನೆಯ ದಿನ, "ಬೇಡಿ, ನಾನೇ ಹತ್ತುತ್ತೇನೆ, ಹಿಡಿದುಕೊಳ್ಳಲು ಒಂದು ಪೈಪು ಹಾಕಿಸಿಕೊಡಿ" ಎಂದೆ. ಪೈಪು ಬರಲಿಲ್ಲ. ನಾನು ಗೋಡೆ ಹಿಡಿದು ಹತ್ತತೊಡಗಿದೆ. ಒಂದು ದಿನ ಅರ್ಧದಲ್ಲಿ ಜಾರಿ ಮೊಣಕೈ ತರಚಿತು. ಸಾಹೇಬರು ಗಾಬರಿಯಾದರು. ದೊಡ್ಡ ಮನುಷ್ಯ, ಒಳ್ಳೆಯವರು, ದನಿ ಎತ್ತಿ ಮಾತಾಡಿದವರಲ್ಲ. "ನಿಮಗ್ಯಾಕ ಈ ತ್ರಾಸ? ಕೆಳಗ ಆರಾಮ ಕೂಡ್ರಿ. ಮಸ್ಟರ್ ನಿಮ್ಮ ಕಡೆ ಬರ್ತದ" ಅಂದರು.

ಮಸ್ಟರ್ ಅಂದರೆ ಹಾಜರಿ ಪುಸ್ತಕ. ಆ ಕಚೇರಿ ಹುಟ್ಟಿದಾಗಿನಿಂದ ಅದು ಸಾಹೇಬರ ಮೇಜು ಬಿಟ್ಟು ಕದಲಿದ್ದಿಲ್ಲವಂತೆ. ನನಗಾಗಿ ಇಳಿದು ಬಂತು! ನಮ್ಮ ಕಡೆ ಜವಾನ ಅನ್ನುವವರಿಗೆ ಇಲ್ಲಿ ಶಿಪಾಯಿ ಅನ್ನುತ್ತಾರೆ. ನಮ್ಮ ಶಿಪಾಯಿ ಮಡಿವಾಳಪ್ಪ ಹೆಬ್ಬಳ್ಳಿಯವರು, ನಿವೃತ್ತಿಗೆ ಹತ್ತಿರವಾದವರು. ದಿನಾ ಮುಂಜಾನೆ ಎರಡೂ ಕೈಯಲ್ಲಿ ಮಸ್ಟರ್ ಹಿಡಿದು, ಪ್ರಸಾದ ತಂದಂತೆ ತರುತ್ತಿದ್ದರು. ನಾನು ಸಹಿ ಮಾಡುತ್ತಿದ್ದೆ. ಆಮೇಲೆ? ಆಮೇಲೆ ಏನೂ ಇಲ್ಲ. ಮೆಟ್ಟಿಲ ಕೆಳಗಿನ ಕುರ್ಚಿಯಲ್ಲಿ ಸಂಜೆಯವರೆಗೆ ಕೂರುವುದು, ಬಂದವರು ಕೇಳಿದರೆ "ಮೇಲೆ ಹೋಗಿ" ಅನ್ನುವುದು. ಫೈಲು ಕಳಿಸಿ ಎಂದರೆ, "ಫೈಲು ಸೆಕ್ಷನ್ ಬಿಟ್ಟು ಕೆಳಗ ತರಾಕ ಬರೂದಿಲ್ರಿ" ಅನ್ನುವ ಉತ್ತರ. ಕೆಳಗಿನ ಕೋಣೆಯಲ್ಲಿ ನನಗೊಂದು ಮೇಜು ಹಾಕಿ ಎಂದರೆ, ಅಲ್ಲಿ ಹಳೆಯ ಕಡತಗಳಿವೆ. ಯಾರೂ ಮುಟ್ಟದ ಕಾಗದಕ್ಕೆ ನೆಲಮಹಡಿ, ನಡೆಯಲಾಗದವಳಿಗೆ ಮೇಲ್ಮಹಡಿ! ಅಂಗವಿಕಲರ ಹಕ್ಕಿನ ಕಾಯ್ದೆ ಬಂದು ಆಗಲೇ ಕೆಲವು ವರ್ಷವಾಗಿತ್ತು. ಅದನ್ನು ಹೆಸರಿಸಿ ಐದು ಅರ್ಜಿ ಬರೆದೆ. ಅವಾದರೂ ಮೆಟ್ಟಿಲು ಹತ್ತಿ ಹೋದವು.

ಊಟದ ಹೊತ್ತಿಗೆ ಸಹೋದ್ಯೋಗಿಗಳು ಡಬ್ಬಿ ಹಿಡಿದು ಕೆಳಗೆ ಬರುತ್ತಿದ್ದರು. "ಪುಣ್ಯಾ ಮಾಡೀರಿ ಬಾಯಾರ, ಕೆಲಸಿಲ್ಲ ಬೊಗಸಿಲ್ಲ" ಎಂದು ಕಾಡಿಸುತ್ತಾ ಶೇಂಗಾ ಚಟ್ನಿ ಬಡಿಸುತ್ತಿದ್ದರು. ಅವರ ಪ್ರೀತಿ ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ರೇಗುತ್ತಿತ್ತು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಚಟ್ನಿ ಕೊಡುವವರ ಜೊತೆ ಹೇಗೆ ಜಗಳವಾಡುವುದು?

ಒಂದೂಮುಕ್ಕಾಲು ವರ್ಷ ಹೀಗೇ ಕಳೆಯಿತು. ಸಾಹೇಬರು ನನ್ನ ವರದಿ ಬರೆದರು. ಮನುಷ್ಯ ಪ್ರಾಮಾಣಿಕರು, ತಾವೇ ಕೆಳಗೆ ತಂದು ತೋರಿಸಿದರು. ಹಾಜರಾತಿ ಅತ್ಯುತ್ತಮ. ಅದರ ಕೆಳಗೆ: ಕೆಲಸ ವಹಿಸಿಲ್ಲವಾದ್ದರಿಂದ ಸಾಮರ್ಥ್ಯದ ಬಗ್ಗೆ ಅಭಿಪ್ರಾಯ ನೀಡಲಾಗದು.

"ಮೇಲಿನವರು ಇದನ್ನು ನೋಡಿದರೆ ನನ್ನ ನೌಕರಿ ಹೋಗುತ್ತದೆ ಸಾರ್."

"ಸುಳ್ಳ ಬರೀಲಿಕ್ಕೆ ಬರೂದಿಲ್ಲಲ್ರಿ. ನಿಮಗ ನಾವೇನ್ ಕಡಿಮಿ ಮಾಡೇವಿ, ಹೇಳ್ರಿ?"

ನನ್ನ ಬಾಯಿಂದ ಪುಸ್ತಕದ ಕನ್ನಡ ಮಾಯವಾಗಿ ಊರಿನ ಮಾತು ಬಂತು. "ಕೆಲ್ಸ ಕೊಡ್ದೆ ಕೂರ್ಸ್‌ಬುಟ್ಟು, ಈಗ ಕೆಲ್ಸ ಮಾಡ್ನಿಲ್ಲ ಅಂತೀರಲ್ಲ ಸಾ! ಪುಸ್ತ್ಕ ಇಳ್ಕೊಂಡ್ ಬತ್ತದೆ, ಫೈಲ್‌ಗೇನ್ ಕಾಲಿಲ್ವಾ?" ಅವರು ಪೆಚ್ಚಾಗಿ ಮೇಲೆ ಹೋದರು.

ಮರುದಿನ ಮಡಿವಾಳಪ್ಪ ಮಸ್ಟರ್ ತಂದಾಗ ನಾನು ಪೆನ್ನು ಮುಟ್ಟಲಿಲ್ಲ. "ಇದರ ಜೊತೆ ಫೈಲು ತನ್ನಿ, ಸಹಿ ಮಾಡುತ್ತೇನೆ."

"ಹಿಂಗ್ ಮಾಡಬ್ಯಾಡ್ರಿ ಬಾಯಾರ. ಗೈರುಹಾಜರಿ ಬೀಳತೈತ್ರಿ. ನಾ ಕೈ ಮುಗೀತೇನಿ."

"ಬೀಳಲಿ ಬಿಡಿ ಕಾಕಾ."

ನೌಕರಿ ಹೋದರೆ ಅಮ್ಮನಿಗೆ ಏನು ಮುಖ ತೋರಿಸುವುದು? ಆದರೂ ಐದು ದಿನ ನನ್ನ ಹೆಸರಿನ ಮುಂದೆ ಖಾಲಿ ಮನೆಗಳೇ ಉಳಿದವು. ದಿನಾ ಹೊತ್ತಿಗೆ ಸರಿಯಾಗಿ ಬಂದು, ಎಲ್ಲರ ಕಣ್ಣೆದುರೇ ಸಂಜೆಯವರೆಗೆ ಕೂತಿದ್ದವಳನ್ನು ಗೈರುಹಾಜರಿ ಎಂದು ಬರೆಯಲು ಸಾಹೇಬರ ಕೈ ಏಳಲಿಲ್ಲ. ಬರೆಯದೆ ಬಿಟ್ಟರೆ ಮೇಲಿನವರು ಕಾರಣ ಕೇಳುತ್ತಾರೆ. ಆರನೆಯ ದಿನ ಮಡಿವಾಳಪ್ಪ ಕಡತದ ಕೋಣೆಯ ಬೀಗ ತೆಗೆದು ಧೂಳು ಝಾಡಿಸುತ್ತಿದ್ದರು. ಮಧ್ಯಾಹ್ನದೊಳಗೆ ಕಿಟಕಿ ಪಕ್ಕ ಒಂದು ಮೇಜು ಬಂತು, ಅದರ ಮೇಲೆ ಕೆಂಪು ದಾರ ಕಟ್ಟಿದ ಹನ್ನೆರಡು ಫೈಲು. "ತಗೋರಿ, ನಿಮ್ಮ ತ್ರಾಸ ಬಂತ್ರಿ" ಅಂದರು ಮಡಿವಾಳಪ್ಪ. ನಾನು ಅತ್ತುಬಿಟ್ಟೆ.

ಸುಖಾಂತ ಅಂದುಕೊಳ್ಳಬೇಡಿ. ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ನಾನು ಕಾಯಂ ಆಗುವ ಹೊತ್ತಿಗೆ ನನ್ನ ಜೊತೆ ಸೇರಿದವರೆಲ್ಲ ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಮುಂದಿದ್ದರು. ಮೇಲಿನ ಮಹಡಿಗೆ ದಾರಿ ಇಂದಿಗೂ ಆಗಿಲ್ಲ. ಸಭೆ ಅಲ್ಲೇ ನಡೆಯುತ್ತದೆ, ಏನು ಮಾತಾಯಿತೆಂದು ಯಾರಾದರೂ ಇಳಿದು ಬಂದ ಮೇಲೆ ನಾನು ಕೇಳಿ ತಿಳಿಯಬೇಕು.

ಹೋದ ತಿಂಗಳು, ಸೇರಿದ ವರ್ಷದಿಂದ ಕೇಳುತ್ತಲೇ ಇದ್ದ ವರ್ಗಾವಣೆ ಬಂತು, ನಮ್ಮ ಕೊಳ್ಳೇಗಾಲಕ್ಕೇ. ಖುಷಿಗೆ ನೀಲವ್ವನನ್ನು ತಬ್ಬಿಕೊಂಡೆ. ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನು ಮಾಡಿ, ಆ ಕಚೇರಿಯನ್ನು ಒಮ್ಮೆ ನೋಡಿಕೊಂಡು ಬಾ ಎಂದೆ. ಎರಡು ದಿನ ಬಿಟ್ಟು ಮತ್ತೆ ಮಾಡಿದೆ.

"ಮಹಡಿ ಮೇಲದೆ ಕಣವ್ವ. ಕೆಳ್ಗಡೆ ಅಂಗ್ಡಿಗಳವೆ."

"ಕೆಳಗೆ ನನಗೆ ಮೇಜು ಹಾಕಿಕೊಡ್ತಾರಾ ಅಂತ ಕೇಳಿದೆಯಾ?"

"ಅಯ್ಯೋ, ಮೇಜ್ಯಾಕೆ ಬುಡು! ಅಲ್ಲಿರೋರು ಒಳ್ಳೇ ಜನ ಕಣೆ. ಸೈನ್ ಹಾಕೋಕೆ ಬುಕ್ನ ಮನ್ಗೇ ಕಳುಸ್ತಾರಂತೆ. ನೀನು ಅವ್ವನ್ ಜೊತೆ ಆರಾಮಾಗಿ ಇದ್ಬುಡು."

ಅಮ್ಮನ ಜೊತೆ ಇರುವ ಆಸೆಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ, ವರ್ಗಾವಣೆ ಬೇಡವೆಂದು ನಾನೇ ಬರೆದು ಕೊಟ್ಟೆ. ಇಲ್ಲಿ ನನ್ನನ್ನು ಇವತ್ತಿಗೂ "ಮೈಸೂರ ಕಡೆ ಬಾಯಾರ" ಅನ್ನುತ್ತಾರೆ. ಅಲ್ಲಿ, ಧಾರವಾಡದವಳಾಗಿಬಿಟ್ಟಳು ಎಂದು ಅಮ್ಮ ಮಾತು ಬಿಟ್ಟಿದ್ದಾಳೆ. ಊರಿಗೆ ಯಾವಾಗ ಬರುತ್ತೀಯ ಎಂದು ನೀವೆಲ್ಲ ಕಾಗದ ಬರೆದು ಕೇಳುತ್ತೀರಿ. ನಾಳೆಯೇ ಬರುತ್ತೇನೆ. ಅಲ್ಲಿ ನಾನು ಮಾಡಬೇಕಾದ ಕೆಲಸ ಏನಾದರೂ ಇದೆಯೇ, ಅದನ್ನು ಹೇಳಿ.