ಹನ್ನೊಂದು ಹೆಜ್ಜೆ ಆಚೆಯ ನೆರಳು

ಚುಚ್ಚಲೋ, ಬಿಡಲೋ? ಚುಚ್ಚಿದರೆ ಜೋಳ ಸಿಕ್ಕೇ ಸಿಗುತ್ತದೆ. ಎತ್ತುಗಳು ಕೊರಳು ತಗ್ಗಿಸಿ ನಿಂತದ್ದೇ ಸಾಕು, ಬರೀ ಹೊಟ್ಟಿನ ಗಾಡಿ ಇಷ್ಟು ಭಾರವಿರುವುದಿಲ್ಲ. ಆದರೆ ಸಿಕ್ಕ ಮೇಲೆ ಬರೆಯುವವರು ಯಾರು? ತಾನು ಬರೆದರೆ ನಿಲ್ಲುವುದಿಲ್ಲ. ಬರೆಯಬಲ್ಲ ಜಮಾದಾರ ಬರುವುದು ಎಂಟು ಗಂಟೆಗೆ. ಅಷ್ಟರವರೆಗೆ ಈ ಗಾಡಿಯನ್ನು ಯಾವ ಬಾಯಿಂದ ನಿಲ್ಲಿಸಿಕೊಳ್ಳುವುದು?

ಇನ್ನೂ ಪೂರ್ತಿ ಬೆಳಕಾಗಿಲ್ಲ. ಗಬ್ಬೂರ ಕಡೆಯಿಂದ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ, ಪರವಾನಿಗೆ ಇಲ್ಲದ ಕಾಳು ತಡೆಯುವ ನಾಕಾದಲ್ಲಿ, ಮಹಾಂತಯ್ಯ ಹಿರೇಮಠ ಅವರು ಕಬ್ಬಿಣದ ಸಲಾಕಿ ಹಿಡಿದು ನಿಂತಿದ್ದಾರೆ. ವಯಸ್ಸು ಐವತ್ತನಾಲ್ಕು. ಗಾಡಿಯವನು ಇಳಿದು ಮೊದಲು ಅವರ ಕಾಲು ಮುಟ್ಟುತ್ತಾನೆ, ಆಮೇಲೆ ನಗುತ್ತಾನೆ.

“ಬೇಕಾದ್ರ ಚುಚ್ಚರಿ ಅಯ್ನಾರ. ನೀವು ಬರದದ್ದು ಕೋರ್ಟಿನ್ಯಾಗ ನಡಿಯಂಗಿಲ್ಲಂತಲ್ರಿ.”

ಮಹಾಂತಯ್ಯ ಚುಚ್ಚುತ್ತಾರೆ. ಹೊಟ್ಟಿನಲ್ಲಿ ಸಲಾಕಿ ಸದ್ದಿಲ್ಲದೆ ಇಳಿಯುತ್ತದೆ. ಮೊಳದುದ್ದ ಹೋದ ಮೇಲೆ ಕರಕರ ಎನ್ನುತ್ತದೆ. ಅದು ಜೋಳ. ಗೋಧಿಯಾದರೆ ಸದ್ದು ಇನ್ನೂ ಸಣ್ಣಗಿರುತ್ತದೆ, ಸಲಾಕಿ ಸ್ವಲ್ಪ ಜಾರುತ್ತದೆ. ಈ ಸಲಾಕಿ ಸರಕಾರ ಕೊಟ್ಟದ್ದಲ್ಲ, ಅವರೇ ಕಮ್ಮಾರನಿಂದ ಬಡಿಸಿಕೊಂಡದ್ದು. ದಿನಕ್ಕೆ ಅರವತ್ತು ಗಾಡಿ, ಸಂತೆಯ ದಿನ ನೂರಕ್ಕೂ ಮೇಲೆ. ಒಂದೊಂದು ಗಾಡಿಗೆ ನಾಲ್ಕು ಕಡೆ ಚುಚ್ಚಬೇಕು. ಬಲಗೈಯ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ.

“ಎತ್ತು ಬಿಚ್ಚೋ ತಮ್ಮಾ” ಎನ್ನುತ್ತಾರೆ. “ಜಮಾದಾರ ಬರೂತನಕ ಅವೂ ಒಂದೀಟು ಮೇಯಲಿ.”

ಐದು ವರ್ಷದ ಹಿಂದೆ ಅವರೇ ಜಮಾದಾರರಾಗಿದ್ದರು. ಇಲ್ಲಿಂದ ತೆಂಕಣಕ್ಕೆ ಎರಡು ಹರದಾರಿ ಹೋದರೆ ಆಗ ಇಂಗ್ರೇಜಿ ಸರಕಾರದ ಸೀಮೆ ಮುಗಿದು ಸಂಸ್ಥಾನದ ಸೀಮೆ ಶುರುವಾಗುತ್ತಿತ್ತು. ನಡುವೆ ಒಂದು ಗಡಿಕಲ್ಲು. ಯುದ್ಧದ ಕಾಲ. ಹುಬ್ಬಳ್ಳಿಯ ಹೆಂಗಸರು ರೇಷನ್ ಅಂಗಡಿಯ ಮುಂದೆ ಹೊತ್ತು ಹುಟ್ಟುವ ಮೊದಲೇ ಸಾಲು ಹಚ್ಚುತ್ತಿದ್ದರೆ, ಅವರ ಪಾಲಿನ ಜೋಳ ಗಡಿ ದಾಟಿ ಹೋಗುತ್ತಿತ್ತು. ಅದನ್ನು ತಡೆಯಲು ಇದ್ದವರು ಇಬ್ಬರು: ಮಹಾಂತಯ್ಯ ಮತ್ತು ಅವರ ಕೈಕೆಳಗಿನ ಸಿಪಾಯಿ, ಹೆಬ್ಬಳ್ಳಿಯ ಕಾಸಿಮಸಾಬ.

ಇಬ್ಬರಿಗೂ ಸೊಂಟದ ಪಟ್ಟಿ ಮತ್ತು ಲಾಠಿ, ಇಬ್ಬರ ನಡುವೆ ಒಂದು ಕಂದೀಲು. ಸರಕಾರ ಕೊಟ್ಟದ್ದು ಅಷ್ಟೇ. ಒಂದು ಗುಡಿಸಲಾದರೂ ಹಾಕಿಸಿಕೊಡಿ ಎಂದು ಮಹಾಂತಯ್ಯ ಮೂರು ಸಲ ಅರ್ಜಿ ಬರೆದರು. ಮೂರೂ ಸಲ ಬಂದ ಉತ್ತರ, ವಿಚಾರದಲ್ಲಿದೆ. ಈಚೆ ಬರೀ ಎರೆಹೊಲ, ತಲೆ ಮರೆಸಲು ಒಂದು ಗಿಡವಿಲ್ಲ. ಗಡಿಕಲ್ಲಿನಿಂದ ಹನ್ನೊಂದು ಹೆಜ್ಜೆ ಆಚೆಗೆ ಒಂದು ಬೇವಿನ ಮರ. ಚೈತ್ರದ ಬಿಸಿಲಿನಲ್ಲಿ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ರಜಿಸ್ಟರು, ಮಸಿಕುಡಿಕೆ ಎಲ್ಲವೂ ಆ ಬುಡಕ್ಕೆ ಹೋದವು. ಗಾಡಿಗಳನ್ನು ಕಲ್ಲಿನ ಈಚೆಗೇ ಹಿಡಿಯುತ್ತಿದ್ದರು. ಪಂಚರನ್ನು ಕೂಡಿಸಿ ಪಂಚನಾಮೆ ಬರೆಯುವುದು ಮಾತ್ರ ಮರದ ಕೆಳಗೆ. ಸುತ್ತಲಿನ ಜನ ಆ ಬುಡವನ್ನೇ ನಾಕಾ ಎನ್ನುತ್ತಿದ್ದರು. ಹಾಗೆಂದೇ ಪ್ರತಿ ಕಾಗದದ ತುದಿಗೆ “ನಾಕಾದಲ್ಲಿ ಬರೆದದ್ದು” ಎಂದು ಬೀಳುತ್ತಿತ್ತು.

ಆ ವರ್ಷದ ಚೈತ್ರದಲ್ಲಿ ಏಳು ಗಾಡಿ ಸಿಕ್ಕವು. ಮೇಲೆ ಹತ್ತಿಕಾಳು, ಕೆಳಗೆ ಜೋಳ. ಮಾಲು ಒಬ್ಬ ದೊಡ್ಡ ದಲಾಲನದು. ಅವನ ವಕೀಲ ಜೋಳದ ಸುದ್ದಿಯನ್ನೇ ಎತ್ತಲಿಲ್ಲ, ಗಡಿಯ ನಕಾಶೆ ತಂದು ಮೇಜಿನ ಮೇಲೆ ಹರಡಿದ. ಪಂಚನಾಮೆ ಬರೆದ ಮರ ಪರರ ಸೀಮೆಯಲ್ಲಿದೆ, ಕಾಗದ ಸುಳ್ಳು ಹೇಳುತ್ತದೆ ಎಂದ. ಮ್ಯಾಜಿಸ್ಟ್ರೇಟರು ಒಪ್ಪಿದರು. ಏಳೂ ಗಾಡಿ ಬಿಟ್ಟದ್ದಲ್ಲದೆ ತೀರ್ಪಿನಲ್ಲಿ ಒಂದು ಸಾಲು ಬರೆದರು: “ಈ ಜಮಾದಾರ ಸುಳ್ಳು ದಾಖಲೆ ಮಾಡಿದ್ದಾನೆ, ಇವನ ಮಾತು ನಂಬಿಕೆಗೆ ಯೋಗ್ಯವಲ್ಲ.”

ಆ ಸಾಲು ಷರಾ ಆಗಿ ಮಹಾಂತಯ್ಯನವರ ನೌಕರಿಯ ಪುಸ್ತಕಕ್ಕೆ ಇಳಿಯಿತು. ಜಮಾದಾರಿಕೆ ಹೋಗಿ ಬರೀ ಸಿಪಾಯಿಯಾದರು. ಅಂದಿನಿಂದ ಅವರ ಸಾಕ್ಷಿಯನ್ನು ಯಾವ ಕೋರ್ಟೂ ಹಿಡಿಯುವುದಿಲ್ಲ.

ಅದರ ಹಿಂದಿನ ಮಾಘದಲ್ಲಿ, ಎಂದರೆ ತೀರ್ಪಿಗೆ ಮೂರು ತಿಂಗಳ ಮೊದಲು, ಅದೇ ಮ್ಯಾಜಿಸ್ಟ್ರೇಟರು ಸವಾರಿ ಬಂದಿದ್ದರು. ಅದೇ ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು, ಎರಡು ಲೋಟ ಮಜ್ಜಿಗೆ ಕುಡಿದರು. ಭೇಟಿಯ ಪುಸ್ತಕದಲ್ಲಿ “ನಾಕಾ ನೋಡಿದೆ, ವ್ಯವಸ್ಥೆ ಸಮಾಧಾನಕರ” ಎಂದು ಬರೆದು ಸಹಿ ಮಾಡಿದರು. ಅವರು ಕೂತದ್ದೂ ಪರಸೀಮೆಯೇ, ಅವರು ನಾಕಾ ಎಂದದ್ದೂ ಆ ಮರವನ್ನೇ. ಜಮಾದಾರ ಬರೆದರೆ ಸುಳ್ಳಾಗುವ ಮಾತು ಸಾಹೇಬರು ಬರೆದರೆ ಹೇಗೆ ಖರೆಯಾಗುತ್ತದೆ ಎಂದು ಕೇಳುವವರು ಆ ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಸರಕಾರಿ ವಕೀಲರು ಎದ್ದು ನಿಲ್ಲಲಿಲ್ಲ. ಆ ನೆರಳಿನಲ್ಲೇ ಎಷ್ಟೋ ಸಲ ಬುತ್ತಿ ಬಿಚ್ಚಿದ್ದ ಮೇಲಧಿಕಾರಿಗಳು, ಜಮಾದಾರನಿಗೆ ಗಡಿಯ ತಿಳಿವಳಿಕೆ ಇರಬೇಕಿತ್ತು ಎಂದು ಬರೆದು ಕೈತೊಳೆದುಕೊಂಡರು. ಇಲಾಖೆಯ ವಿಚಾರಣೆಯಲ್ಲಿ, ಇನ್ನೇನಾದರೂ ಹೇಳುವುದುಂಟೇ ಎಂದು ಕೇಳಿದಾಗ ಮಹಾಂತಯ್ಯ ಅಂದದ್ದು ಒಂದೇ ಮಾತು: “ಇಲ್ರಿ.”

ಹೋದ ವರ್ಷ ಸಂಸ್ಥಾನ ವಿಲೀನವಾಯಿತು. ಗಡಿಕಲ್ಲನ್ನು ಕಿತ್ತು ಹಳ್ಳದ ದಂಡೆಗೆ ಹಾಕಿದ್ದಾರೆ, ಊರ ಹೆಂಗಸರು ಅದರ ಮೇಲೆ ಅರಿವೆ ಒಗೆಯುತ್ತಾರೆ. ಗಡಿ ಹೋಯಿತು, ಇಂಗ್ರೇಜಿ ಸರಕಾರ ಹೋಯಿತು. ಷರಾ ಹೋಗಲಿಲ್ಲ. ಮ್ಯಾಜಿಸ್ಟ್ರೇಟರಿಗೆ ಎರಡು ಸಲ ಬಡ್ತಿ ಆಗಿದೆ.

ಮಹಾಂತಯ್ಯನವರ ನೌಕರಿ ಬರುವ ಶ್ರಾವಣಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಆ ಸಾಲು ಅಳಿಸಬೇಕು, ಸುಳ್ಳುಗಾರ ಎನ್ನಿಸಿಕೊಂಡು ಮನೆಗೆ ಹೋಗಬಾರದು. ಅವರಿಗಿರುವುದು ಅದೊಂದೇ ಆಸೆ. ಹೋದ ದೀಪಾವಳಿ ಕಳೆದ ಮೇಲೆ ಧಾರವಾಡದ ವಕೀಲ ತ್ರ್ಯಂಬಕರಾಯರಿಂದ ಅರ್ಜಿ ಬರೆಸಿದರು. ಕುರ್ಚಿ, ಮಜ್ಜಿಗೆ, ಸಹಿ, ಎಲ್ಲವೂ ಮೊದಲ ಸಲ ಅದರಲ್ಲಿ ಬಂದವು. ಹೆಂಡತಿ ಶರಣವ್ವನಿಗೂ ಆ ಸಂಗತಿ ಗೊತ್ತಾದದ್ದು ಆಗಲೇ. ಐದು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವರು ಇಷ್ಟು ದೊಡ್ಡ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದರೋ ಎಂದು ಆಕೆ ಎರಡು ದಿನ ಮಾತು ಬಿಟ್ಟಿದ್ದರಂತೆ.

ಹೋದ ವಾರ ಉತ್ತರ ಬಂತು. ಮೂರೇ ಸಾಲು. ವಿಚಾರಣೆಯಲ್ಲಿ ಹೇಳದ ಸಂಗತಿಯನ್ನು ಈಗ ಪರಿಗಣಿಸಲಾಗದು. ನ್ಯಾಯಾಲಯದ ಅಭಿಪ್ರಾಯವನ್ನು ಕಚೇರಿ ತಿದ್ದಲಾಗದು. ಸದರಿ ನ್ಯಾಯಾಧಿಕಾರಿಗಳಿಂದ ವಿವರಣೆ ಕೇಳುವ ಪ್ರಶ್ನೆ ಉದ್ಭವಿಸುವುದಿಲ್ಲ.

ತ್ರ್ಯಂಬಕರಾಯರು ಕಾಗದವನ್ನು ಮೇಜಿನ ಮೇಲೆ ಎಸೆದರು. “ಸಿಪಾಯಿ ತಪ್ಪಿದರ ಷರಾ ಬರೀಲಿಕ್ಕೆ ಒಂದು ಪುಸ್ತಕ ಅದ. ನ್ಯಾಯ ಹೇಳೋರು ತಪ್ಪಿದರ ಯಾವ ಪುಸ್ತಕದಾಗ ಬರೀಬೇಕು, ಹೇಳ್ರಿ?” ಮಹಾಂತಯ್ಯ ಕಾಗದವನ್ನು ಎತ್ತಿ, ಮಡಚಿ, ಕಿಸೆಯಲ್ಲಿ ಇಟ್ಟುಕೊಂಡರು.

ಸುದ್ದಿ ಕೇಳಿ ಕಾಸಿಮಸಾಬರು ಹೆಬ್ಬಳ್ಳಿಯಿಂದ ಬಂದರು. ಮಹಾಂತಯ್ಯನವರ ಜಾಗಕ್ಕೆ ಜಮಾದಾರರಾದವರು ಅವರೇ. ಹೋದ ದೀಪಾವಳಿಗೆ, ಒಂದೂ ಕಪ್ಪುಚುಕ್ಕೆ ಇಲ್ಲದ ಪುಸ್ತಕದೊಂದಿಗೆ ನೌಕರಿ ಮುಗಿಸಿ ಊರು ಸೇರಿದ್ದರು. ಶರಣವ್ವ ಕೊಟ್ಟ ಚಹಾ ಮುಟ್ಟದೆ ಗೆಳೆಯನ ಮೇಲೆ ಹರಿಹಾಯ್ದರು.

“ಅವತ್ತ ಬಾಯಾಗ ಏನು ಇಟ್ಕೊಂಡಿದ್ರಿ ಅಯ್ನಾರ? ಸಾಹೇಬಗ ಕುರ್ಚಿ ಹೊತ್ತು ತಂದಾಂವ ನಾ. ಗಿಡದ ಬುಡಕ್ಕ ಕುಂತು ಬರಿಯೂದು ನಮ್ಮ ಪದ್ಧತಿ, ನೀವೂ ಅಲ್ಲೇ ಕುಂತಿದ್ರಿ ಅಂದಿದ್ರ ಆಗ್ತಿತ್ತು. ನನ್ನ ಸಾಕ್ಷಿ ಕರದಿದ್ರ ನಾನs ಹೇಳ್ತಿದ್ದೆ.”

“ನೆನಪಾಗಲಿಲ್ಲೋ ಕಾಸಿಮ.”

“ಇದು ಮಾತ್ರ ಖರೇನ ಸುಳ್ಳ. ಮ್ಯಾಜಿಸ್ಟ್ರೇಟ ಬರದದ್ದು ಬರೋಬ್ಬರಿ ಐತಿ ತಗೀರಿ.”

ಇಬ್ಬರೂ ನಕ್ಕರು. ಶರಣವ್ವ ನಗಲಿಲ್ಲ.

ಇಲಾಖೆಯ ವಿಚಾರಣೆಯ ಹಿಂದಿನ ದಿನ ಮಹಾಂತಯ್ಯ ನಾಕಾದ ಪಂಚನಾಮೆಗಳನ್ನೆಲ್ಲ ತೆಗೆದು ನೋಡಿದ್ದರು. ದಲಾಲನ ವಕೀಲ ಹಿಡಿದದ್ದು ಒಂದನ್ನು ಮಾತ್ರ. ಎಲ್ಲವನ್ನೂ ಮರದ ಕೆಳಗೇ ಬರೆಯುತ್ತಿದ್ದೆವು ಎಂದು ಬಾಯಿಬಿಟ್ಟರೆ ಎಲ್ಲವೂ ಸುಳ್ಳು ದಾಖಲೆ ಆಗುತ್ತಿದ್ದವು. ಅವುಗಳಲ್ಲಿ ತೊಂಬತ್ತಾರು ಕಾಸಿಮಸಾಬರು ಬರೆದು ಸಹಿ ಮಾಡಿದಂಥವು. ಅವರ ನೌಕರಿ ಮುಗಿಯುವತನಕ ಮಹಾಂತಯ್ಯ ಅರ್ಜಿ ಬರೆಸಲಿಲ್ಲ. ಇದನ್ನು ಕಾಸಿಮಸಾಬರಿಗೆ ಎಂದೂ ಹೇಳಲಿಲ್ಲ.