ಎರಡನೇ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಬಲಗಾಲಿನಿಂದ. ಅವರ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಬಳಿ ಇನ್ನೊಂದು. ಇಪ್ಪತ್ತೆರಡು ವರ್ಷದಲ್ಲಿ ಆ ಕಾಲು ಎಷ್ಟು ಚುರುಕಾಗಿತ್ತೆಂದರೆ, ಬಸ್ಸಿನಲ್ಲಿ ಕೂತಾಗಲೂ ಯಾರದಾದರೂ ಚಪ್ಪಲಿ ತುಳಿದು ಬೈಸಿಕೊಳ್ಳುತ್ತಿದ್ದರು.

ಅವರ ಹೆಂಡತಿ ಊರಿಗೆಲ್ಲ ನರ್ಸಮ್ಮ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಲು ಆಸ್ಪತ್ರೆಯವರು ಕಾರು ಕೊಡುವವರಿದ್ದರು, ಆದರೆ ಈ ತಿಂಗಳೊಳಗೆ ಲೈಸೆನ್ಸ್ ತರಬೇಕು. ಗಂಡನ ಹತ್ತಿರವೇ ಕಲಿತ ನರ್ಸಮ್ಮ ಎರಡು ಸಲ ಫೇಲಾಗಿದ್ದರು. ಎರಡನೇ ಸಲವಂತೂ ಪರೀಕ್ಷೆಯ ಕಾರಿನಲ್ಲಿ ಇನ್ಸ್‌ಪೆಕ್ಟರು ಹ್ಯಾಂಡ್‌ಬ್ರೇಕ್ ಎಳೆದು ಬದುಕಿಕೊಂಡರು.

"ಅಮ್ಮಾ, ಸ್ಟೇರಿಂಗ್ ಚೆನ್ನಾಗಿದೆ, ಗೇರೂ ಚೆನ್ನಾಗಿದೆ. ಎದುರಿಗೆ ಗೋಡೆ ಬಂದ್ರೂ ಸುಮ್ನೆ ಕೂತಿರ್ತೀರಲ್ಲ, ಯಾಕೆ?"

"ನಮ್ಮ ಕಾರಲ್ಲಿ ಅದೇ ನಿಲ್ಲುತ್ತೆ ಸಾರ್."

ಪಾಪ, ಅವರದೇನು ತಪ್ಪು? ಅವರ ಕಾಲು ಏಳುವಷ್ಟರಲ್ಲಿ ಮೇಷ್ಟ್ರ ಕಾಲು ಕೆಲಸ ಮುಗಿಸಿರುತ್ತಿತ್ತು. ಆವತ್ತು ಮನೆಯಲ್ಲಿ ರಾಮಾಯಣವೇ ಆಯಿತು.

ಮೂರನೇ ಪರೀಕ್ಷೆಯ ಹಿಂದಿನ ದಿನ ಬೆಳಗಿನಿಂದ ಮಳೆ. ನರ್ಸಮ್ಮ ಕಾರಿನ ಬಾಗಿಲು ತೆಗೆದು, "ರೀ, ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳಿ. ಕಾಲು ಕೆಳಗೆ ಬಂದ್ರೆ ನಾನು ಇಳಿದು ಹೋಗ್ತೀನಿ" ಅಂದರು.

ಮೇಷ್ಟ್ರು ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಕೂತರು. ಬಾಯಿಗೇನೂ ಬೀಗ ಹಾಕಿರಲಿಲ್ಲವಲ್ಲ.

"ಒದ್ದೆ ರಸ್ತೆ ಕಣೇ, ಮುಂದಿನ ಗಾಡಿಗೆ ದುಪ್ಪಟ್ಟು ಜಾಗ ಬಿಡು. ಬ್ರೇಕ್ ಒದೀಬೇಡ, ಟೈರು ಜಾರುತ್ತೆ..."

"ಗೊತ್ತು. ನೀವು ಕಲಿಯೋರಿಗೆ ಹೇಳೋ ಪಾಠ ಇಷ್ಟು ವರ್ಷದಿಂದ ಅಡುಗೆಮನೆವರೆಗೂ ಕೇಳಿಸಿದೆ."

ಇಳಿಜಾರಿನಲ್ಲಿ ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಮುಂದಿದ್ದ ಹಾಲಿನ ವ್ಯಾನಿನ ಕೆಂಪು ದೀಪ ಥಟ್ಟನೆ ಹೊತ್ತಿಕೊಂಡಿತು. ಮೇಷ್ಟ್ರ ಬಲಗಾಲು ತಾನೇ ಕೆಳಗಿಳಿಯಿತು.

"ಕಾಲು!" ನರ್ಸಮ್ಮ ಅತ್ತ ನೋಡಲೂ ಇಲ್ಲ.

ಮೇಷ್ಟ್ರು ತಮ್ಮ ಕಾಲನ್ನು ಎರಡೂ ಕೈಯಲ್ಲಿ ಹಿಡಿದೆಳೆದುಕೊಂಡು ಕಣ್ಣು ಮುಚ್ಚಿದರು. ಆಕ್ಸಿಲರೇಟರಿನ ಸದ್ದು ಇಳಿಯಿತು, ಗೇರು ಎರಡಕ್ಕೆ ಬಿತ್ತು. ಕಾರಿನ ವೇಗ ಒಂದಿಷ್ಟು, ಮತ್ತೊಂದಿಷ್ಟು ತಗ್ಗಿತು. ಆಮೇಲೆ ವೈಪರಿನ ಸದ್ದು ಮಾತ್ರ.

"ಕಣ್ಣು ಬಿಡಿ. ನಿಂತಿದೆ."

ವ್ಯಾನಿಗೂ ತಮಗೂ ನಡುವೆ ಇನ್ನೊಂದು ಕಾರು ನಿಲ್ಲುವಷ್ಟು ಜಾಗವಿತ್ತು. ಮೇಷ್ಟ್ರು ತಪ್ಪು ಹುಡುಕಿದರು, ಸಿಗಲಿಲ್ಲ. ಹೆಂಡತಿಯ ಮೇಲೆ ಹೆಮ್ಮೆ ಉಕ್ಕಿ ಬಂತು.

ಮರುದಿನ ನರ್ಸಮ್ಮ ಪಾಸಾದರು. ಅದೇ ಮಳೆಯಲ್ಲಿ ಅವರೇ ಕಾರು ಹೊಡೆದುಕೊಂಡು ಮನೆಗೆ ಹೊರಟರು. ಪಕ್ಕದಲ್ಲಿ ಮೇಷ್ಟ್ರ ಮುಖ ಸಪ್ಪಗಿತ್ತು.

"ಯಾಕ್ರೀ, ನಾನು ಪಾಸಾಗಿದ್ದು ಖುಷಿ ಆಗ್ಲಿಲ್ವಾ?"

"ಖುಷಿನೇ ಕಣೇ." ಮೇಷ್ಟ್ರು ಎದುರಿಗೆ ಬರುತ್ತಿದ್ದ ಗಾಡಿಗಳನ್ನು ಒಂದೊಂದಾಗಿ ದಿಟ್ಟಿಸಿ ನೋಡಿದರು. "ಆದ್ರೆ ಹುಷಾರಾಗಿ ಹೋಗು. ಈ ಊರಲ್ಲಿ ನನ್ನ ಹತ್ರ ಕಲಿತೋರು ಬಹಳ ಜನ ಇದಾರೆ."